ಸಣ್ಣ ಟ್ರ್ಯಾಕ್ಟರಿಗೆ ಎಷ್ಟು ಟನ್ನಿನ ವಿಂಚು?

ಪ್ರಶ್ನೆ: ನಾನು ಅಕ್ಕಿಹೆಬ್ಬಾಳು ಹೋಬಳಿಯವನು. ನಾಲ್ಕು ಎಕರೆ ತೆಂಗು, ಬದುಗಳ ಮೇಲೆ ಸಿಲ್ವರ್ ಓಕು. ಬರದ ವರ್ಷಗಳಲ್ಲಿ ಸುಳಿ ಒಣಗಿದವು, ಈಚೆಗೆ ಕೆಂಪುಮೂತಿ ಹುಳ ಹೊಡೆದವು ಎಲ್ಲ ಸೇರಿ ನಲವತ್ತು ತೆಂಗಿನಮರ ತೆಗೆಯಬೇಕಾಗಿದೆ. ನನ್ನದು 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಸಣ್ಣ ಟ್ರ್ಯಾಕ್ಟರು. ಸರಪಳಿ ಕಟ್ಟಿ ಎಳೆಯಲು ಹೋದರೆ ಮುಂದಿನ ಚಕ್ರ ಎದ್ದುಬಿಡುತ್ತದೆ. ಪಿಟಿಒಗೆ ಜೋಡಿಸುವ ವಿಂಚು ತರೋಣ ಎಂದುಕೊಂಡಿದ್ದೇನೆ. ವಿಚಾರಿಸಿದ ಕಡೆಯೆಲ್ಲ 5 ಟನ್ನಿನದೇ ತೊಗೊಳ್ಳಿ, ಮುಂದಕ್ಕೆ ಆಗುತ್ತೆ ಅನ್ನುತ್ತಾರೆ. ತೊಗೊಳ್ಳಲೇ?

ಉತ್ತರ: ಬೇಡ. ಕಾರಣ ಹೇಳುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಒಂದು ಟೇಪು ಹಿಡಿದು ತೋಟಕ್ಕೆ ಹೋಗಿ.

ನಮ್ಮ ಮರದ ಡಿಪೋಗಳಲ್ಲಿ ದಿಮ್ಮಿ ಅಳೆಯುವುದು ನಿಮಗೆ ಗೊತ್ತೇ ಇದೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುತ್ತಾರೆ. ಮೂರು ಅಡಿ ಸುತ್ತಳತೆ, ಹನ್ನೆರಡು ಅಡಿ ಉದ್ದದ ತೆಂಗಿನ ತುಂಡು ಆ ಲೆಕ್ಕದಲ್ಲಿ 6.75 ಘನ ಅಡಿ. ಈ ಕ್ರಮದಲ್ಲಿ ನಿಜವಾದ ಮರ ಕಾಗದದ ಮೇಲಿನದಕ್ಕಿಂತ ಕಾಲುಭಾಗಕ್ಕೂ ತುಸು ಜಾಸ್ತಿಯೇ ಇರುತ್ತದೆ. ಆ ಕಾಲುಭಾಗ ಯಾರ ಜೇಬಿಗೆ ಹೋಗುತ್ತದೆ ಅನ್ನುವುದು ಇನ್ನೊಂದು ದಿನದ ಮಾತು. ತೂಕಕ್ಕಾದರೆ ಅದನ್ನು ಬಿಡುವಂತಿಲ್ಲ. ಹಸಿಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಎಂದು ಹಿಡಿದರೆ, ಡಿಪೋ ಲೆಕ್ಕದ ಘನ ಅಡಿಯನ್ನು 36ರಿಂದ ಗುಣಿಸಿ, ಕಿಲೋ ಸಿಗುತ್ತದೆ. ಈ ತುಂಡು ಸುಮಾರು 243 ಕಿಲೋ. ತುಂಡು ಮಾಡದೆ ನಲವತ್ತು ಅಡಿಯ ಬೊಡ್ಡೆಯನ್ನೇ ಎಳೆಯುತ್ತೀರಿ ಎಂದರೂ 810 ಕಿಲೋ. ಒಣಗಿ ನಿಂತ ಮರ ಇದಕ್ಕಿಂತ ಹಗುರವೇ.

ಇಷ್ಟು ಭಾರವನ್ನು ಎತ್ತಬೇಕಿಲ್ಲ, ಎಳೆಯಬೇಕಷ್ಟೆ. ಒಣನೆಲದ ಮೇಲೆ ದಿಮ್ಮಿ ಎಳೆಯಲು ಅದರ ತೂಕದ ಅರ್ಧದಿಂದ ಮೂರನೇ ಎರಡರಷ್ಟು ಬಲ ಸಾಕು. ಕೆಸರುಗದ್ದೆಯಲ್ಲಿ, ಹಿನ್ನೀರು ಇಳಿದ ಜೇಡಿನೆಲದಲ್ಲಿ ತೂಕದಷ್ಟೇ ಬಲ ಬೇಕಾದೀತು. ಹೇಮಾವತಿಯ ದಂಡೆ ಏರಿಸುವಾಗ ಇಳಿಜಾರಿನ ಭಾರ ಬೇರೆ ಸೇರುತ್ತದೆ. ದಿಮ್ಮಿಯ ಮೂತಿ ತೆವರಿಗೆ ಚುಚ್ಚಿಕೊಂಡರಂತೂ ಯಾವ ಲೆಕ್ಕವೂ ನಿಲ್ಲುವುದಿಲ್ಲ, ಇಳಿದುಹೋಗಿ ಹಾರೆಯಿಂದ ಮೂತಿ ಎತ್ತಬೇಕು. ಹೇಗೇ ಹಿಡಿದರೂ ನಿಮ್ಮ ಇಡೀ ತೋಟದಲ್ಲಿ ಒಂದು ಟನ್ನಿಗಿಂತ ಹೆಚ್ಚು ಬಲ ಕೇಳುವ ಮರ ನನಗೆ ಕಾಣುತ್ತಿಲ್ಲ. 5 ಟನ್ನು ಯಾವುದಕ್ಕೆ?

ಇನ್ನು ಟ್ರ್ಯಾಕ್ಟರು. ಅದೇ ಮುಖ್ಯ. ವಿಂಚಿನ ಫಲಕದ ಮೇಲೆ ಬರೆದ ಟನ್ನು, ಟ್ರ್ಯಾಕ್ಟರು ಕದಲದೆ ನಿಂತರೆ ಮಾತ್ರ ನಿಜ. ಈ ವರ್ಗದ ಟ್ರ್ಯಾಕ್ಟರುಗಳಲ್ಲಿ ಕೆಲವು 700 ಕಿಲೋ ಕೂಡ ತೂಗುವುದಿಲ್ಲ. ಬ್ರೇಕು ಒತ್ತಿ ನಿಲ್ಲಿಸಿದರೂ ಟೈರುಗಳು ಮಣ್ಣನ್ನು ಹಿಡಿಯುವುದು ಆ ತೂಕದ ಅರ್ಧಕ್ಕೆ ತುಸು ಮೇಲೆ, ಅಂದರೆ ನಾನೂರು ಕಿಲೋ ಆಸುಪಾಸು. ಅದರಾಚೆಗೆ ದಿಮ್ಮಿ ಟ್ರ್ಯಾಕ್ಟರಿನ ಕಡೆ ಬರುವುದಿಲ್ಲ, ಟ್ರ್ಯಾಕ್ಟರೇ ದಿಮ್ಮಿಯ ಕಡೆ ಹೋಗುತ್ತದೆ. ಇದನ್ನು ತಡೆಯುವುದಕ್ಕೇ ವಿಂಚಿನ ಕೆಳಗೆ ಅಗಲವಾದ ಉಕ್ಕಿನ ತಟ್ಟೆ ಇರುತ್ತದೆ. ಹೈಡ್ರಾಲಿಕ್ ಇಳಿಸಿ ಅದರ ಅಂಚನ್ನು ನೆಲಕ್ಕೆ ನಾಟಿಸಿದರೆ ಎಳೆತವನ್ನು ಹೊರುವುದು ಮಣ್ಣು, ಟೈರಲ್ಲ. ಎತ್ತು ಕಾಲೂರಿ ನಿಲ್ಲುತ್ತದಲ್ಲ, ಹಾಗೆ. ಆದ್ದರಿಂದ ಕೊಳ್ಳುವಾಗ ಟನ್ನಿಗಿಂತ ಮೊದಲು ಬಗ್ಗಿ ತಟ್ಟೆ ನೋಡಿ. ಟ್ರ್ಯಾಕ್ಟರಿನ ಹಿಂಚಕ್ರಗಳ ಅಗಲದ ಹತ್ತಿರಕ್ಕಾದರೂ ಅದು ಬರಬೇಕು, ಅಂಚಿನಲ್ಲಿ ಹಲ್ಲಿದ್ದರೆ ಇನ್ನೂ ಒಳ್ಳೆಯದು. ತಟ್ಟೆಯಿಲ್ಲದ ವಿಂಚು ಪುಕ್ಕಟೆ ಕೊಟ್ಟರೂ ತರಬೇಡಿ.

ಮುಂದಿನ ಚಕ್ರ ಏಳುವುದರ ಗುಟ್ಟೂ ಇಲ್ಲೇ ಇದೆ. ನೀವು ಸರಪಳಿಯನ್ನು ಎತ್ತರದಲ್ಲಿ, ಬಹುಶಃ ಟಾಪ್ ಲಿಂಕಿನ ಹತ್ತಿರ ಕಟ್ಟುತ್ತಿದ್ದೀರಿ. ಎಳೆತ ಹಿಂದಿನ ಅಚ್ಚಿಗಿಂತ ಮೇಲೆ ಬಿದ್ದರೆ ಮೂತಿ ಎದ್ದೇ ಏಳುತ್ತದೆ, ಅಲ್ಲಿಂದ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು. ಈ ಉತ್ತರ ಓದಿದ ಮೇಲೆ ಮತ್ತೆ ಹಾಗೆ ಕಟ್ಟಬೇಡಿ. ಒಳ್ಳೆಯ ವಿಂಚಿನಲ್ಲಿ ಎರಡು ಕಪ್ಪಿ ಇರುತ್ತವೆ. ಟ್ರ್ಯಾಕ್ಟರು ನಿಂತು ದೂರದಿಂದ ಎಳೆದುಕೊಳ್ಳುವಾಗ ರೋಪು ಮೇಲಿನ ಕಪ್ಪಿಯಲ್ಲಿ, ತಟ್ಟೆ ನೆಲಕ್ಕೆ ಊರಿರಲೇಬೇಕು. ದಿಮ್ಮಿಯನ್ನು ಹಿಂದೆ ಕಟ್ಟಿಕೊಂಡು ಸಾಗಿಸುವಾಗ ಕೆಳಗಿನ ಕಪ್ಪಿ ಅಥವಾ ತಟ್ಟೆಯಲ್ಲಿ ಸರಪಳಿ ಸಿಕ್ಕಿಸುವ ಕಚ್ಚು.

ಎಂಜಿನ್ ಬಲದ ಕಡೆಯಿಂದಲೂ ಒಂದು ನೋಟ. 3 ಟನ್ನನ್ನು ಸೆಕೆಂಡಿಗೆ ಅರ್ಧ ಮೀಟರು ವೇಗದಲ್ಲಿ ಎಳೆಯಲು ಸುಮಾರು 20 ಎಚ್‌ಪಿ ಬೇಕು. ನಿಮ್ಮ 24 ಎಚ್‌ಪಿಯಲ್ಲಿ ಪಿಟಿಒ ತುದಿಗೆ ಬರುವುದು ಅಷ್ಟೇ. ಹತ್ತು ಎಚ್‌ಪಿಗೆ ಒಂದು ಟನ್ನು ಎಂಬ ರೂಢಿಯ ಮಾತೂ ಇದರ ಹತ್ತಿರವೇ ಬರುತ್ತದೆ. ನಾರ್ವೆ, ಫಿನ್ಲೆಂಡ್, ಸ್ಲೊವೇನಿಯಾಗಳ ರೈತರು ಚಳಿಗಾಲದಲ್ಲಿ ತಮ್ಮ ಸ್ವಂತ ಕಾಡಿನ ಮರ ಎಳೆಯಲು ಇಂಥ ವಿಂಚುಗಳನ್ನು ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಅಲ್ಲಿನ ಇಗ್ಲಾಂಡ್, ಫಾರ್ಮಿ, ತಾಯ್ಫುನ್, ಯೂನಿಫಾರೆಸ್ಟ್ ಕಂಪನಿಗಳೂ ಸಣ್ಣ ಟ್ರ್ಯಾಕ್ಟರಿಗೆಂದು ಮಾಡುವುದು 3 ಟನ್ನಿನ ಆಸುಪಾಸಿನದನ್ನೇ. ಅಷ್ಟು ಚಿಕ್ಕದೂ 150ರಿಂದ 250 ಕಿಲೋ ತೂಗುತ್ತದೆ. 5 ಟನ್ನಿನದಾದರೆ ಅದನ್ನು ಎತ್ತಿಕೊಂಡು ತೋಟದ ದಾರಿಯಲ್ಲಿ ಹೋಗುವಾಗಲೇ ನಿಮ್ಮ ಸ್ಟೇರಿಂಗು ಹಗುರವಾಗಿಬಿಡುತ್ತದೆ. ಅದರ ಎಳೆತ ಟ್ರ್ಯಾಕ್ಟರಿನ ಹಿಂಬದಿಯ ಕಬ್ಬಿಣಕ್ಕೂ ಅತಿಯಾಯಿತು.

ಹಾಗಾಗಿ ನಿಮಗೆ ಎರಡೂವರೆಯಿಂದ 3 ಟನ್ನು, ನಲವತ್ತೈವತ್ತು ಮೀಟರು ರೋಪು ಸಾಕು. ಡ್ರಮ್ಮಿನ ತುಂಬ ರೋಪು ತುಂಬಿಸಿಕೊಳ್ಳುವ ಆಸೆ ಬೇಡ. ಬರೆದಿರುವ 3 ಟನ್ನು ಸಿಗುವುದು ಬರಿಡ್ರಮ್ಮಿನ ಮೊದಲ ಸುತ್ತಿನಲ್ಲಿ. ಸುತ್ತಿನ ಮೇಲೆ ಸುತ್ತು ಬಂದಂತೆ ವೇಗ ಏರುತ್ತದೆ, ಬಲ ಇಳಿಯುತ್ತದೆ. ರೋಪು ತುಂಡಾಗುವ ಭಾರ ವಿಂಚಿನ ಬಲಕ್ಕಿಂತ ಕನಿಷ್ಠ ಎರಡು ಪಟ್ಟು ಇರಲಿ. ಸಾಧಾರಣ 8 ಮಿಮೀ ಉಕ್ಕಿನ ರೋಪು ನಾಲ್ಕು ಟನ್ನಿನ ಸುಮಾರಿಗೆ ಹರಿಯುತ್ತದೆ, 10 ಮಿಮೀಯದು ಆರು ಟನ್ನಿನ ಮೇಲೆ. ಅಂದಮೇಲೆ 3 ಟನ್ನಿಗೆ 10 ಮಿಮೀ.

ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರಿನ ಪುಸ್ತಕ ಜೊತೆಗಿರಲಿ. ಕೆಲವು ಸಣ್ಣ ಟ್ರ್ಯಾಕ್ಟರುಗಳ ಪಿಟಿಒ 540 ಸುತ್ತಲ್ಲ, ಆರುನೂರರ ಮೇಲೆಯೇ ತಿರುಗುತ್ತದೆ. ಅಂಥದ್ದರಲ್ಲಿ ಥ್ರಾಟಲ್ ತಗ್ಗಿಸಿ ಓಡಿಸಬೇಕು. ಕೆಳಗಿನ ಎರಡು ತೋಳುಗಳ ನಡುವಿನ ಅಂತರ ದೊಡ್ಡ ಟ್ರ್ಯಾಕ್ಟರಿನದಕ್ಕಿಂತ ಕಿರಿದಾಗಿರುತ್ತದೆ, ಪಿನ್ನು ಕೂರುತ್ತದೋ ಇಲ್ಲವೋ ನಿಮ್ಮ ಟ್ರ್ಯಾಕ್ಟರಿಗೇ ಹಾಕಿ ನೋಡದೆ ದುಡ್ಡು ಕೊಡಬೇಡಿ. ಪಿಟಿಒ ಶಾಫ್ಟಿನ ಉದ್ದವೂ ಹಾಗೆಯೇ. ವಿಂಚನ್ನು ಪೂರ್ತಿ ಎತ್ತಿದಾಗ, ಪೂರ್ತಿ ಇಳಿಸಿದಾಗ ಎರಡೂ ಸಲ ನೋಡಿ.

ಕೊನೆಗೆ ಒಂದು ಮಾತು, ಮಾರುವವರಿಗೆ ಹಿಡಿಸಲಾರದು. ನಲವತ್ತು ಮರ ತೆಗೆದ ಮೇಲೆ ಈ ವಿಂಚಿಗೆ ನಿಮ್ಮಲ್ಲಿ ಏನು ಕೆಲಸ? ವರ್ಷಕ್ಕೆ ನಾಲ್ಕೈದು ಮರ ಬಿದ್ದರೆ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ನಿಮ್ಮ ಹೋಬಳಿಯಲ್ಲಿ ಇದೇ ಕಷ್ಟದ ಇನ್ನೂ ನಾಲ್ಕು ತೆಂಗಿನವರು ಸಿಕ್ಕರೆ ಪಾಲು ಹಾಕಿ ಕೊಳ್ಳಿ. ಬಾಡಿಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಒಮ್ಮೆ ಕೇಳಿ. ವಿಂಚು ಸಿಗುವುದು ಅಪರೂಪ, ಆದರೆ ಯಾರೂ ಕೇಳದೆ ಯಾವ ಯಂತ್ರವೂ ಅಲ್ಲಿಗೆ ಬಂದಿಲ್ಲ.

ಪ್ರಶ್ನೆ: ರೋಪನ್ನು ಒಂದು ಕಪ್ಪಿಯ ಮೂಲಕ ಹಾಯಿಸಿದರೆ ಬಲ ಎರಡು ಪಟ್ಟಾಗುತ್ತದೆ ಅಂತ ಹೇಳಿದರು. ಗಟ್ಟಿಯಾದ ಹುಣಸೆಮರಕ್ಕೆ ಕಪ್ಪಿ ಕಟ್ಟಿ ಎಳೆದೆ. ಏನೂ ವ್ಯತ್ಯಾಸ ಕಾಣಲಿಲ್ಲ. (ಕಿಕ್ಕೇರಿ ಕಡೆಯ ಓದುಗರು)

ಉತ್ತರ: ಕಾಣುವುದೂ ಇಲ್ಲ. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ. ರಾಟೆ ಇತ್ತೆಂದು ಕೊಡದ ಭಾರ ಕಡಿಮೆಯಾಗುತ್ತಿತ್ತೇ? ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯಬಹುದಿತ್ತು, ಮೈಭಾರ ಹಾಕಲು ಅನುಕೂಲ, ಅಷ್ಟೆ. ಕಪಿಲೆಯಲ್ಲೂ ರಾಟೆ ಭಾರ ಇಳಿಸಲಿಲ್ಲ. ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಅವುಗಳ ಮೈತೂಕವನ್ನೇ ದುಡಿಸಿಕೊಂಡರು ನಮ್ಮ ಹಿರಿಯರು. ಕಟ್ಟಿದ ಜಾಗದಲ್ಲೇ ಇರುವ ಕಪ್ಪಿ ದಿಕ್ಕು ಬದಲಿಸುತ್ತದೆ, ಬಲ ಕೂಡಿಸುವುದಿಲ್ಲ.

ಬಲ ಎರಡು ಪಟ್ಟಾಗಬೇಕಾದರೆ ಕಪ್ಪಿ ದಿಮ್ಮಿಯ ಜೊತೆ ಚಲಿಸಬೇಕು. ಕಪ್ಪಿಯನ್ನು ದಿಮ್ಮಿಗೆ ಕಟ್ಟಿ, ವಿಂಚಿನಿಂದ ಬಂದ ರೋಪನ್ನು ಅದರಲ್ಲಿ ಹಾಯಿಸಿ, ತುದಿಯನ್ನು ತಿರುಗಿ ಟ್ರ್ಯಾಕ್ಟರಿನ ಕಡೆಗೇ ತಂದು ಹತ್ತಿರದ ಗಟ್ಟಿಮರದ ಬುಡಕ್ಕೆ ಕಟ್ಟಿ. ಈಗ ದಿಮ್ಮಿಯನ್ನು ಎರಡು ಎಳೆ ರೋಪು ಎಳೆಯುತ್ತಿರುತ್ತವೆ. ದಿಮ್ಮಿ ಅರ್ಧ ವೇಗದಲ್ಲಿ ಬರುತ್ತದೆ, ಎರಡರಷ್ಟು ರೋಪು ಬೇಕು, ತಿಕ್ಕಾಟಕ್ಕೆ ಒಂದಿಷ್ಟು ಬಲ ಸೋರುತ್ತದೆ. ಸಣ್ಣ ಟ್ರ್ಯಾಕ್ಟರಿನವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ, ಯಾಕೆಂದರೆ ಟ್ರ್ಯಾಕ್ಟರಿನ ಮೇಲೆ ಬೀಳುವ ಎಳೆತ ಅರ್ಧ ಮಾತ್ರ. ದೊಡ್ಡ ವಿಂಚಿಗೆ ಹಾಕುವ ದುಡ್ಡಿನ ಚೂರು ಭಾಗದಲ್ಲಿ ಬಗಲು ತೆರೆಯುವ ಒಂದು ಒಳ್ಳೆಯ ಕಪ್ಪಿ ಬರುತ್ತದೆ.

ಆ ಹುಣಸೆಮರದ ಬಗ್ಗೆಯೂ ಒಂದು ಮಾತು. ರೋಪು ಹೋದ ದಾರಿಯಲ್ಲೇ ಹಿಂತಿರುಗುವಂತೆ ಕಪ್ಪಿ ಕಟ್ಟಿದರೆ ಮರದ ಮೇಲೆ ಬೀಳುವುದು ರೋಪಿನ ಎಳೆತದ ಎರಡು ಪಟ್ಟು. ಕಪ್ಪಿಗೂ ಅದರ ಕೊಕ್ಕೆಗೂ ಆ ಎರಡು ಪಟ್ಟಿನ ಶಕ್ತಿ ಬೇಕು. ಕಟ್ಟುವುದು ಬುಡದಲ್ಲಿ, ಅಗಲ ಪಟ್ಟಿಯಿಂದ. ಬರಿ ರೋಪು ಸುತ್ತಿದರೆ ತೊಗಟೆ ಸುಲಿದು ಮರ ಸಾಯುತ್ತದೆ.

ಪ್ರಶ್ನೆ: ನಾಗಮಂಗಲ ತಾಲ್ಲೂಕು. ಗುಡ್ಡದ ಓರೆಯಲ್ಲಿ ಮೂರು ಎಕರೆ ನೀಲಗಿರಿ ಇದೆ, ಪೂರ್ತಿ ಗರಸುಕಲ್ಲು. ಟ್ರ್ಯಾಕ್ಟರಿಲ್ಲ, ಪವರ್ ಟಿಲ್ಲರಿದೆ. ಅದಕ್ಕೇ ಒಂದು ವಿಂಚು ಕೂರಿಸಬಹುದೇ?

ಉತ್ತರ: ಕೂರಿಸುವವರು ಸಿಗುತ್ತಾರೆ, ನಾನು ಒಪ್ಪುವುದಿಲ್ಲ. ಟಿಲ್ಲರಿಗೆ ಎರಡೇ ಚಕ್ರ, ಊರಿಕೊಳ್ಳಲು ತಟ್ಟೆಯಿಲ್ಲ. ಓರೆನೆಲದಲ್ಲಿ ರೋಪು ಸ್ವಲ್ಪ ಪಕ್ಕಕ್ಕೆ ಎಳೆದರೂ ಹ್ಯಾಂಡಲ್ಲು ಹಿಡಿದವರ ಮೇಲೆಯೇ ತಿರುಗುತ್ತದೆ.

ನಿಮ್ಮ ಮರ ತೆಳ್ಳಗಿನದು, ಒಂದೊಂದೂ ಅರವತ್ತೆಪ್ಪತ್ತು ಕಿಲೋ ಇದ್ದೀತು. ಅದೂ ಮೇಲಿನಿಂದ ಕೆಳಕ್ಕೆ ಬರಬೇಕು. ಇದಕ್ಕೆ ಕೈಯಿಂದ ಸನ್ನೆ ಆಡಿಸುವ ಟಿರ್ಫರ್ ಸಾಕು. 1.6 ಟನ್ನಿನದನ್ನು ಒಬ್ಬ ಆಳು ಹೊತ್ತು ಗುಡ್ಡ ಹತ್ತಬಹುದು, ಯಾವ ಮರದ ಬುಡಕ್ಕಾದರೂ ಕಟ್ಟಬಹುದು, ಕೈಬಿಟ್ಟರೆ ಅಲ್ಲೇ ಹಿಡಿದು ನಿಲ್ಲುತ್ತದೆ. ನಿಧಾನ, ಒಪ್ಪಿದೆ. ಹಾಗಾಗಿ ಇದನ್ನು ಸಿಕ್ಕಿಬಿದ್ದ, ದಪ್ಪನಾದ ಮರಗಳಿಗೆ ಮಾತ್ರ ಇಟ್ಟುಕೊಳ್ಳಿ. ಉಳಿದವನ್ನು ಸಿಪ್ಪೆ ಸುಲಿದು, ತುದಿ ಮುಂದಾಗಿ ಜಾರಿಸಿ. ಹಸಿ ನೀಲಗಿರಿ ಸಿಪ್ಪೆ ತೆಗೆದ ಗಳಿಗೆಯಲ್ಲಿ ಸೋಪಿನಂತೆ ಜಾರುತ್ತದೆ, ಕೆಳಗಡೆ ಯಾರೂ ನಿಂತಿರಬಾರದು.

ಟಿರ್ಫರ್ ಜೊತೆ ಕಪ್ಪಿಯನ್ನೂ ಬಳಸಿದರೆ, ಅದರೊಳಗಿನ ಬುಷ್ ಸವೆದಾಗ ಹೊಸ ಕಪ್ಪಿಗೆ ಓಡಬೇಡಿ. ಲೋಹದ ಎರಕಕ್ಕೆ ಹೆಸರಾದ ಊರು ನಿಮ್ಮದು. ಗನ್‌ಮೆಟಲ್ ಬುಷ್ ಎರೆದು ಲೇತಿನಲ್ಲಿ ಕೊರೆಸಿಕೊಳ್ಳುವುದು ಅಲ್ಲಿ ಕಷ್ಟವಾಗಬಾರದು.

ಪ್ರಶ್ನೆ: ಜೀಪಿನವರು ಮುಂದೆ ಹಾಕಿಕೊಳ್ಳುವ 12 ವೋಲ್ಟಿನ ಎಲೆಕ್ಟ್ರಿಕ್ ವಿಂಚು ಅಗ್ಗವಾಗಿ ಸಿಗುತ್ತಿದೆ. ಟ್ರ್ಯಾಕ್ಟರಿಗೆ ಆಗದೇ? (ಕೆ.ಆರ್. ಪೇಟೆ)

ಉತ್ತರ: ಹಳ್ಳಕ್ಕೆ ಬಿದ್ದ ಜೀಪನ್ನು ವರ್ಷಕ್ಕೆ ಎರಡು ಸಲ ಎತ್ತಲು ಮಾಡಿದ ಯಂತ್ರ ಅದು. ಪೂರ್ತಿ ಭಾರದಲ್ಲಿ 300ರಿಂದ 400 ಆಂಪಿಯರ್ ಕರೆಂಟು ಹೀರುತ್ತದೆ, ಸಣ್ಣ ಟ್ರ್ಯಾಕ್ಟರಿನ ಡೈನಮೊ ಅದರ ಹತ್ತರಲ್ಲೊಂದು ಭಾಗ ತುಂಬಿದರೆ ಹೆಚ್ಚು. ನಾಲ್ಕನೆಯ ದಿಮ್ಮಿಗೆ ಬ್ಯಾಟರಿ ಮಲಗುತ್ತದೆ, ಮೋಟಾರು ಕಾದು ವಾಸನೆ ಬರುತ್ತದೆ. ಬೇಡ.

ಪ್ರಶ್ನೆ: ನನ್ನ ಮಗ ಗ್ಯಾರೇಜೊಂದರಲ್ಲಿ ಹಳೆ ಜೀಪಿನ ಗೇರ್‌ಬಾಕ್ಸಿನಿಂದ ವಿಂಚು ಮಾಡಿಸಿ ತಂದಿದ್ದಾನೆ. ಊರವರ ಮರವನ್ನೆಲ್ಲ ಎಳೆದುಕೊಡುತ್ತಾನೆ. ಅವನು ಮನೆಗೆ ಬರುವವರೆಗೂ ನನಗೆ ಜೀವ ನಿಲ್ಲುವುದಿಲ್ಲ. ಏನು ನೋಡಿಕೊಳ್ಳಬೇಕು ಹೇಳಿ. (ಶ್ರೀರಂಗಪಟ್ಟಣ ತಾಲ್ಲೂಕಿನ ತಾಯಿಯೊಬ್ಬರು)

ಉತ್ತರ: ಅಮ್ಮ, ನಿಮ್ಮ ಭಯ ಸುಮ್ಮನೆ ಅಲ್ಲ. ಪ್ರಾಯದಲ್ಲಿ ನಾನೂ ಇಂಥದೇ ಒಂದು ಗ್ಯಾರೇಜು ವಿಂಚು ನಂಬಿ ಕೆರೆ ಏರಿಯ ಮೇಲೆ ದಿಮ್ಮಿ ಎಳೆಯಲು ಹೋಗಿದ್ದೆ. ಅದಕ್ಕೆ ಕ್ಲಚ್ಚಿತ್ತು, ಬ್ರೇಕಿರಲಿಲ್ಲ. ಅರ್ಧ ಏರಿದ ದಿಮ್ಮಿ ಕ್ಲಚ್ಚು ಬಿಟ್ಟ ಕ್ಷಣ ವಾಪಸು ಹೊರಟಿತು. ಡ್ರಮ್ಮು ಗಿರ್ರನೆ ಹಿಂದಕ್ಕೆ ತಿರುಗಿ, ರೋಪಿನ ತುದಿ ಕಿತ್ತು ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಆವತ್ತಿನಿಂದ ಯಾವ ವಿಂಚು ಕಂಡರೂ ಮೊದಲು ನೋಡುವುದು ಒಂದನ್ನೇ: ಕೈಬಿಟ್ಟರೆ ಏನಾಗುತ್ತದೆ? ಒಳ್ಳೆಯ ವಿಂಚಿನಲ್ಲಿ ಕ್ಲಚ್ಚಿನ ಹಗ್ಗ ಜಗ್ಗಿ ಹಿಡಿದಿರುವಷ್ಟು ಹೊತ್ತು ಮಾತ್ರ ಡ್ರಮ್ಮು ಸುತ್ತುತ್ತದೆ. ಹಗ್ಗ ಬಿಟ್ಟರೆ, ಎಡವಿ ಬಿದ್ದರೂ ಸರಿ, ತಾನೇ ನಿಂತು ತಾನೇ ಬ್ರೇಕು ಹಿಡಿಯುತ್ತದೆ. ಮಗನ ವಿಂಚು ಹೀಗೆ ಮಾಡದಿದ್ದರೆ, ಮಾಡುವವರೆಗೆ ಊರವರ ಮರ ಕಾಯಲಿ.

ಎರಡನೆಯದು ಪಿಟಿಒ ಶಾಫ್ಟು. ಮಿನಿಟಿಗೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು. ನಮ್ಮ ಕಡೆ ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ಲು ಹಾಕಿ ಕೆಲಸಕ್ಕೆ ನಿಲ್ಲುವುದು ರೂಢಿ. ಆ ಟವೆಲ್ಲಿನ ತುದಿ ಶಾಫ್ಟಿಗೆ ಸಿಕ್ಕಿತೆಂದರೆ ಬಿಡಿಸಿಕೊಳ್ಳಲು ವೇಳೆಯೇ ಇರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸು ಹಾಕಲು ಅಡ್ಡ ಎಂದು ಕಿತ್ತೆಸೆದಿದ್ದರೆ ಇವತ್ತೇ ಹೊಸದು ತರಿಸಿ. ಟವೆಲ್ಲನ್ನು ನೀವೇ ಕಸಿದಿಟ್ಟುಕೊಳ್ಳಿ.

ರೋಪು ಹರಿದರೆ ಚಾವಟಿಯ ಹಾಗೆ ಬೀಸುತ್ತದೆ. ಡ್ರಮ್ಮಿಗೂ ಮಗನಿಗೂ ನಡುವೆ ಗಟ್ಟಿ ಕಬ್ಬಿಣದ ಜಾಲರಿ ಇರಬೇಕು. ನೋಡಲು ಬರುವ ಮಕ್ಕಳು ಎಳೆದು ಬಿಟ್ಟ ರೋಪಿನ ಉದ್ದದ ಒಂದೂವರೆ ಪಟ್ಟು ದೂರದಲ್ಲಿರಲಿ. ರೋಪಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ಹರಿದಾಗ ಬೀಸು ಸ್ವಲ್ಪ ತಗ್ಗುತ್ತದೆ. ಕಪ್ಪಿ ಹಾಕಿ ಎಳೆಯುವಾಗ ರೋಪು ಮಡಚಿದ ಒಳಮಗ್ಗುಲಿನಲ್ಲಿ ಯಾರೂ ನಿಲ್ಲಬಾರದು. ಕಪ್ಪಿ ಕಿತ್ತರೆ ಕವಣೆಕಲ್ಲಿನಂತೆ ಬರುವುದು ಅಲ್ಲಿಗೇ. ಚರ್ಮದ ಗ್ಲೌಸು ಹಾಕಿ ರೋಪನ್ನು ತಡವಿ ನೋಡಲು ಹೇಳಿ. ಒಂದು ಹುರಿ ರೋಪನ್ನು ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ ಆರು ಎಳೆ ಹರಿದಿದ್ದರೆ ಅದು ಇನ್ನು ದನ ಕಟ್ಟುವುದಕ್ಕೂ ಬೇಡ. ಡ್ರಮ್ಮಿನಲ್ಲಿ ಯಾವಾಗಲೂ ನಾಲ್ಕೈದು ಸುತ್ತು ಉಳಿದಿರಲಿ. ತುದಿಗೆ ಹಾಕುವ ಯು ಕ್ಲಿಪ್ಪುಗಳನ್ನು ನಮ್ಮವರು ಒಂದು ಹಾಗೆ ಒಂದು ಹೀಗೆ ಹಾಕುತ್ತಾರೆ, ಅಂದವಾಗಿ ಕಾಣಲೆಂದೋ ಏನೋ. ತಪ್ಪು. ಯು ಆಕಾರದ ಬೋಲ್ಟು ಯಾವಾಗಲೂ ಮಡಚಿದ ತುಂಡುತುದಿಯ ಮೇಲೆ, ಅಚ್ಚುಕಟ್ಟಾಗಿ ಕೂರುವ ಭಾಗ ಎಳೆತದ ರೋಪಿನ ಮೇಲೆ.

ಇದನ್ನೆಲ್ಲ ನೀವು ಹೇಳಿದರೆ ಅವನು ಕೇಳಲಿಕ್ಕಿಲ್ಲ. ಈ ಪುಟ ಹರಿದು ಟ್ರ್ಯಾಕ್ಟರಿನ ಸೀಟಿನ ಮೇಲಿಡಿ.

ಪ್ರಶ್ನೆ: ಗಾಳಿಮಳೆಗೆ ನಮ್ಮ ತೆಂಗಿನಮರ ಬುಡಸಮೇತ ನಾಲೆಗೆ ಅಡ್ಡ ಬಿದ್ದಿದೆ. ವಿಂಚು ಸಿಕ್ಕಿದೆ. ಏರಿಯ ಮೇಲೆ ಟ್ರ್ಯಾಕ್ಟರು ನಿಲ್ಲಿಸಿ ಎಳೆಯಬಹುದೇ? (ಪಾಂಡವಪುರ)

ಉತ್ತರ: ಮೊದಲು ಕಾವೇರಿ ನೀರಾವರಿ ನಿಗಮದವರಿಗೆ ತಿಳಿಸಿ. ನಾಲೆ ಅವರದು, ಏರಿ ಕುಸಿದರೆ ಕೆಳಗಿನ ಅಚ್ಚುಕಟ್ಟಿನವರೆಲ್ಲ ನಿಮ್ಮ ಮನೆಮುಂದೆ ನಿಲ್ಲುತ್ತಾರೆ. ಒಪ್ಪಿಗೆ ಸಿಕ್ಕರೂ ನೆನೆದ ಏರಿಯ ಅಂಚಿಗೆ ಹೋಗಬೇಡಿ. ಸಣ್ಣ ಟ್ರ್ಯಾಕ್ಟರಿನ ಭಾರಕ್ಕಿಂತ ತಟ್ಟೆ ಊರಿದ ಕಡೆ ಬೀಳುವ ಒತ್ತಡವೇ ಅಂಚನ್ನು ಕಡಿದುಹಾಕುತ್ತದೆ. ಏರಿ ಇಳಿದು ಆಚೆ ಗಟ್ಟಿನೆಲದಲ್ಲಿ ನಿಂತು, ಕಪ್ಪಿಯಿಂದ ದಿಕ್ಕು ತಿರುಗಿಸಿ ಎಳೆಯಿರಿ. ರೋಪು ಟ್ರ್ಯಾಕ್ಟರಿನ ನೇರ ಹಿಂದಕ್ಕೇ ಬರಬೇಕು, ಓರೆಯಾದರೆ ಪಕ್ಕಕ್ಕೆ ಮಗುಚುತ್ತದೆ. ಇಡೀ ಮರ ಎಳೆಯುವ ಹಟ ಬೇಡ. ಬೇರುಗಡ್ಡೆಯನ್ನು ದಂಡೆಯಲ್ಲೇ ಕೊಯ್ದು ಬಿಡಿ. ಕೊಯ್ಯುವಾಗ ಬಾಗಿದ ಬೊಡ್ಡೆ ಸಿಡಿಯುತ್ತದೆ, ಗಡ್ಡೆ ತನ್ನ ಗುಂಡಿಗೇ ಧೊಪ್ಪನೆ ವಾಪಸು ಕೂರುತ್ತದೆ, ಅದರ ಹಿಂದೆ ಯಾರೂ ಇರಬಾರದು. ಬೊಡ್ಡೆಯ ತುದಿಭಾಗವನ್ನು ಮೊದಲು ತೇಲಿಸಿ ದಡಕ್ಕೆ ಸಮಾನಾಂತರ ಮಾಡಿಕೊಳ್ಳಿ. ನೀರು ಹೊರುವಷ್ಟು ಹೊರಲಿ.

ಪ್ರಶ್ನೆ: ಬದುವಿನ ಮರ ಕಡಿದು ಸಾಗಿಸಲು ಅನುಮತಿ ಬೇಕೇ?

ಉತ್ತರ: 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವನ್ನು ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಬೇರೆ ಜಾತಿಯಾದರೆ ಗರಗಸ ಇಡುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಸಾಗಣೆ ಪಾಸಿನ ವಿಷಯವನ್ನೂ ಅಲ್ಲೇ ಕೇಳಿ. ಶ್ರೀಗಂಧ, ಬೀಟೆಗಳಿಗೆ ತಾನಾಗಿ ಬಿದ್ದಿದ್ದರೂ ಕೈ ಹಾಕಬೇಡಿ.

ಪ್ರಶ್ನೆ: ಮೇಲುಕೋಟೆ ಕಡೆಯವನು. ವರ್ಷಕ್ಕೆ ಹತ್ತು ಹದಿನೈದು ದಿಮ್ಮಿ ಎಳೆಯುವ ಕೆಲಸ. ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತಿವೆ. ಮಕ್ಕಳು ಟ್ರ್ಯಾಕ್ಟರು, ವಿಂಚು ಅನ್ನುತ್ತಾರೆ. ಎತ್ತು ಸಾಲದೇ?

ಉತ್ತರ: ಧಾರಾಳವಾಗಿ ಸಾಕು. ಎತ್ತು ದಿನವಿಡೀ ಎಳೆಯಬಲ್ಲ ಬಲ ಅದರ ಮೈತೂಕದ ಹತ್ತರಲ್ಲೊಂದು ಭಾಗದಷ್ಟು, ಆದರೆ ಹತ್ತಿಪ್ಪತ್ತು ಮಾರು ದೂರಕ್ಕೆ ಅದರ ಹಲವು ಪಟ್ಟು ಕಸುವು ಹಾಕುತ್ತದೆ. ಮೇಲೆ ಲೆಕ್ಕ ಹಾಕಿದ 243 ಕಿಲೋದ ತುಂಡಿಗೆ ಒಣನೆಲದಲ್ಲಿ ಸುಮಾರು ನೂರೈವತ್ತು ಕಿಲೋ ಬಲ ಬೇಕಾಗುತ್ತದೆ, ಅದೂ ಇಡೀ ದಿಮ್ಮಿ ನೆಲಕ್ಕೆ ಉಜ್ಜಿದರೆ. ಹಳೆ ಗಾಡಿಯ ಅಚ್ಚು ಮತ್ತು ಎರಡು ಚಕ್ರ ಮೂಲೆಯಲ್ಲಿ ಬಿದ್ದಿದ್ದರೆ ಹೊರಗೆ ತೆಗೆಯಿರಿ. ದಿಮ್ಮಿಯ ದಪ್ಪ ತುದಿಯನ್ನು ಅಚ್ಚಿನ ಕೆಳಗೆ ಸರಪಳಿಯಿಂದ ತೂಗುಹಾಕಿ, ನೆಲದಿಂದ ಒಂದು ಗೇಣು ಎದ್ದರೆ ಸಾಕು. ಅರ್ಧಕ್ಕಿಂತ ಹೆಚ್ಚು ಭಾರ ಚಕ್ರಕ್ಕೆ ಹೋಗುತ್ತದೆ, ಮೂತಿ ತೆವರಿಗೆ ಚುಚ್ಚುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಹಾಗೆ ಕಟ್ಟಬೇಡಿ, ದಿಮ್ಮಿ ಎತ್ತುಗಳ ಹಿಂಗಾಲಿಗೆ ನುಗ್ಗುತ್ತದೆ. ಅಲ್ಲಿ ಅಚ್ಚು ಬಿಚ್ಚಿ, ನೆಲಕ್ಕೆ ಉಜ್ಜುತ್ತಲೇ ಇಳಿಸಿ.